ಹಾರ ಹಾಕಿದ ಬಾನೆಟ್ಟು

ಚಳ್ಳಕೆರೆಯ ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕೂತಿದ್ದ ಮುದ್ದಕ್ಕನಿಗೆ, ಪಕ್ಕದ ಬೆಂಚಿನ ಗಂಡ ಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಆ ಹಳೇ ಕಾರು ತಗಳ್ಳೋವಾಗ, ಬಾನೆಟ್ ಎತ್ತಿ ತೋರ್ಸು ಅಂತ ನೀವು ಕೇಳಿದ್ರಿ," ಅಂದಳು ಹೆಂಡತಿ.

"ಈಗ್ಯಾಕೆ ಅದೆಲ್ಲಾ."

"ನಾನೇ ಬ್ಯಾಡ ಅಂದೆ. ಮಾರೋನು ಬಾನೆಟ್ ಮೇಲೆ ಹಾರ ಹಾಕಿ, ಕುಂಕುಮ ಇಟ್ಟು ನಿಲ್ಸಿದ್ದ. ಪೂಜೆ ಮಾಡಿದ್ದನ್ನ ಕದಲಿಸಬಾರ್ದು ಅಂದೆ."

"ಯಾರೂ ಎತ್ತಬಾರ್ದು ಅಂತಲೇ ಅವನು ಪೂಜೆ ಮಾಡಿದ್ದು. ನೀರು ಸೋರೋದು ಕಾಣಬಾರ್ದು ಅಂತ ರೇಡಿಯೇಟರ್ ತೂತಿಗೆ ಸೋಪು ಮೆತ್ತಿದ್ದ. ಎತ್ತಿದ್ರೆ ಕಣ್ಣಿಗೆ ಕಾಣ್ತಿತ್ತು ಅಂತ ಮೆಕ್ಯಾನಿಕ್ ಅಂದ."

"ಮಗಳಿಗೆ ನೋವು ಬಂದಾಗ, ಮನೇಲಿ ಕಾರು ಐತಲ್ಲ ಅಂತ ಧೈರ್ಯವಾಗಿ ಹೊರಟ್ವಿ. ಮೊಳಕಾಲ್ಮೂರು ಬಿಟ್ಟು ಅರ್ಧ ದಾರೀಲಿ, ಒಂದು ಫೋನ್ ಬೂತೂ ಇಲ್ಲದ ಕಡೆ ಕೆಟ್ಟು ನಿಂತ್ಬಿಡ್ತು. ಎರಡು ತಾಸು. ಒಂದು ತಾಸು ಮೊದ್ಲು ಬಂದಿದ್ರೂ ಕೂಸು ಉಳೀತಿತ್ತಂತೆ."

ಒಳಗಿಂದ ನರ್ಸು ಕೂಗಿದಳು. "ಪವಿತ್ರನ ಕಡೆಯೋರು ಯಾರ್ರೀ? ಎಚ್ಚರ ಆಗೈತೆ, ಬರ್ರಿ."

"ಕಾರು ಹೆಂಗೆ ಕೆಡ್ತು ಅಂತ ಅವಳು ಕೇಳಿದ್ರೆ?" ಅಂದಳು ಹೆಂಡತಿ, ಏಳದೆ.

"ತಗಳ್ಳೋವಾಗ ನಾನು ಬಾನೆಟ್ ಎತ್ತಿ ನೋಡಿದ್ದೆ, ನನಗೇ ತಿಳೀಲಿಲ್ಲ ಅಂತ ಹೇಳ್ತೀನಿ. ನೀನು ಸುಮ್ನಿರು."

ಮುದ್ದಕ್ಕ ಕಾಲು ಮಡಚಿಕೊಂಡು ಇಬ್ಬರಿಗೂ ದಾರಿ ಬಿಟ್ಟಳು.