ಧಾರವಾಡದ ಟಿಕೀಟು

ನಮ್ಮ ದೃಷ್ಟಾಂತಗಳಿಗೆ ಒಬ್ಬ ಸಾಹುಕಾರ ಬೇಕೇ ಬೇಕು. ಬಡವನ ಕಥೆ ತೆಗೆದರೆ ನೀವು ಆಕಳಿಸುತ್ತೀರಿ. ಅದಕ್ಕೇ ಇವತ್ತೂ ಒಬ್ಬ ಸಾಹುಕಾರನನ್ನೇ ಕರೆದುಕೊಂಡು ಬಂದಿದ್ದೇನೆ. ಅವನ ಊರು ಯಾವುದು, ಹೆಸರೇನು ಅಂತ ಕೇಳಬೇಡಿ. ಹೇಳಿದರೆ ಪ್ರವಚನ ಅರ್ಧಕ್ಕೇ ಬಿಟ್ಟು ಆ ಮನೆ ನೋಡಲು ಹೊರಡುವ ಮಂದಿ ನೀವು.

ಮೆಣಸಿನಕಾಯಿ ಅಡತಿ, ಅಂದರೆ ದಲ್ಲಾಳಿ ವ್ಯಾಪಾರ, ಅವನದು. ಪೇಟೆಯ ನಡುವೆ, ತಾಲ್ಲೂಕು ಆಸ್ಪತ್ರೆಯ ಎದುರಿಗೆ ದೊಡ್ಡ ಅಂಗಡಿ, ಅಂಗಡಿಯ ಮುಂದೊಂದು ಕಟ್ಟೆ. ಕೆಟ್ಟವನಲ್ಲ ನೋಡಿ. ಕೆಟ್ಟವನಾಗಿದ್ದರೆ ಈ ಕಥೆ ಹೇಳುತ್ತಲೇ ಇರಲಿಲ್ಲ. ಕೆಟ್ಟವರ ಕಥೆ ಕೇಳಿದರೆ ‘ಇದು ನಮಗಲ್ಲ’ ಅಂತ ಆರಾಮಾಗಿ ಮನೆಗೆ ಹೋಗಿಬಿಡುತ್ತೀರಿ. ಇವನು ಒಳ್ಳೆಯವನು. ದಾಸೋಹಕ್ಕೆ ಜೋಳ ಕಳಿಸುವವನು. ಹೆಂಡತಿಯ ಮೇಲೆ ಎಂದೂ ಕೈ ಎತ್ತಿದವನಲ್ಲ. ಮೇಲಾಗಿ ನಗಿಸುವವನು. ಸಂಜೆ ಅವನು ಕಟ್ಟೆಗೆ ಬಂದು ಕುಳಿತರೆ ಮಂದಿ ಸೇರುತ್ತಿತ್ತು, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿತ್ತು.

ಅವನದೊಂದು ಮಾತಿತ್ತು. ಯಾರೇ ಏನು ಮರೆಯಲಿ, ಯಾರೇ ಒಂದು ಅಡ್ಡ ಮಾತಾಡಲಿ, “ಏನೋ, ಧಾರವಾಡದ ಟಿಕೀಟ್ ತಗಸಲೇನು?” ಹಮಾಲ ಚೀಲವನ್ನು ಬೇರೆ ರಾಶಿಗೆ ಹಾಕಿದರೆ ಧಾರವಾಡದ ಟಿಕೀಟು. ಬೀಗರು ಚಹಾಕ್ಕೆ ಸಕ್ಕರೆ ಬೇಡ ಅಂದರೆ ಧಾರವಾಡದ ಟಿಕೀಟು. ನಗುತ್ತಿದ್ದೀರಿ. ನಗಿ, ನಗಿ. ನಮ್ಮ ಕಡೆ ಈ ಮಾತಿಗೆ ಅರ್ಥ ಬಿಡಿಸಿ ಹೇಳುವುದೇ ಬೇಡ. ಧಾರವಾಡದಲ್ಲಿ ವಿದ್ಯೆ ಇದೆ, ಸಂಗೀತ ಇದೆ, ಪೇಢೆ ಇದೆ. ಆದರೆ ಟಿಕೀಟು ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಅಲ್ಲಿಯ ಮನೋರೋಗದ ದವಾಖಾನೆ ಒಂದೇ. ಎಂಥ ಮಂದಿ ನೋಡಿ ನಾವು!

ಇನ್ನು ಅವನ ಹೆಂಡತಿ, ಸಾಹುಕಾರ್ತಿ. ದೊಡ್ಡ ಮನೆಯ ಹೊಣೆ ಹೊತ್ತ ಹೆಣ್ಣುಮಗಳು. ಬಂದವರಿಗೆ ಉಣ್ಣಿಸದೆ ಕಳಿಸಿದವಳಲ್ಲ. ಅಂಥವಳಿಗೆ ಬರಬರುತ್ತ ನಿದ್ದೆ ಹತ್ತದಾಯಿತು. ಊಟ ಸೇರದಾಯಿತು. ರೊಟ್ಟಿ ಬಡಿಯುತ್ತಿದ್ದ ಕೈ ನಡುವೆಯೇ ನಿಂತುಬಿಡುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಮನೆಯೆಲ್ಲ ಹೊಗೆಯಾದರೂ ಆಕೆಗೆ ಗೊತ್ತಾಗುತ್ತಿರಲಿಲ್ಲ. ಸಾಹುಕಾರನಿಗೆ ಕಂಡದ್ದು ಏನು? ಕರಕು ರೊಟ್ಟಿ. ಅದನ್ನು ಎತ್ತಿ ಎಲ್ಲರಿಗೂ ತೋರಿಸಿ, “ಇಕಿಗೆ ಟಿಕೀಟ್ ತಗಸೂ ಹೊತ್ತ ಬಂತು ನೋಡ್ರಿ” ಅನ್ನುತ್ತಿದ್ದ. ಮನೆಯವರು ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು. ಎಲ್ಲರೂ ನಗುವಾಗ ಒಬ್ಬಳೇ ನಗದೆ ಕುಳಿತರೆ ಅದಕ್ಕೂ ಒಂದು ಟಿಕೀಟು ಅಲ್ಲವೇ?

ಪಂಚಮಿ ಹಬ್ಬ ಬಂತು. ಸಾಹುಕಾರನ ಅಕ್ಕತಂಗಿಯರು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದರು. ಪಡಸಾಲೆಯಲ್ಲಿ ಪಂಕ್ತಿ ಕುಳಿತಿತ್ತು. ಸಾಹುಕಾರ್ತಿ ಉಂಡಿಯ ಪರಾತ ಹಿಡಿದು ಬಡಿಸುತ್ತ ಬಂದಳು. ಗಂಡನ ಎಲೆಯ ಮುಂದೆ ನಿಂತಳು. ನಿಂತು, ಮೆಲ್ಲಗೆ ಅಂದಳು:

“ರೀ, ನಂಗೊಂದು ಧಾರವಾಡದ ಟಿಕೀಟ್ ತಗಸಿಕೊಡ್ರಿ.”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸಾಹುಕಾರನ ತಂಗಿಗೆ ನಕ್ಕು ನೆತ್ತಿಗೇರಿತು. “ವೈನಿ, ನೀವೂ ಅಣ್ಣನ ಹಂಗ ಕಲತ್ರಿ ನೋಡ್ರಿ!” ಅಂದಳು. ಸಾಹುಕಾರ ಬಿಡುತ್ತಾನೆಯೇ? “ಹೋಗೂದಷ್ಟ ತಗಸಲೋ, ಬರೂದೂ ತಗಸಲೋ?” ಅಂದ. ಮತ್ತೊಮ್ಮೆ ನಗು. ಆಕೆ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತಾನೂ ನಕ್ಕು, ಉಂಡಿ ಇಟ್ಟು ಮುಂದಿನ ಎಲೆಗೆ ಹೋದಳು.

ಈಗ ನೀವೂ ನಕ್ಕಿರಿ. ಕೇಳಿಸಿತು ನನಗೆ. ಆ ಕಂಬದ ಕಡೆಯಿಂದಂತೂ ಜೋರಾಗಿಯೇ ಕೇಳಿಸಿತು. ಆದರೆ ನೋಡಿ, ಆಕೆ ಚೇಷ್ಟೆ ಮಾಡಲಿಲ್ಲ. ಆಕೆ ಖರೇನೇ ಕೇಳಿದಳು! ಬಾಯಾರಿದವರು ನೀರು ಕೇಳಿದ ಹಾಗೆ ಕೇಳಿದಳು. ‘ನನ್ನ ಮನಸ್ಸಿಗೆ ಏನೋ ಆಗಿದೆ, ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ’ ಅಂತ ಹೇಳಲು ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಇದ್ದ ಒಂದು ಮಾತನ್ನು ಗಂಡ ಚೇಷ್ಟೆಗೆ ಖರ್ಚು ಮಾಡಿಬಿಟ್ಟಿದ್ದ.

ಮರುದಿನ ಬೆಳಿಗ್ಗೆ ಸಾಹುಕಾರ ಪೂಜೆಗೆ ಕುಳಿತ. ಮನೆಯಲ್ಲಿ ನಳದ ನೀರು ಇದ್ದರೂ ದೇವರಿಗೆ ಹಿತ್ತಲಿನ ಬಾವಿಯ ನೀರೇ ಆಗಬೇಕು, ಅದನ್ನು ಹೆಂಡತಿಯೇ ತರಬೇಕು. “ನೀರ ಎಲ್ಲೇ?” ಅಂತ ಕೂಗಿದ. ನೀರು ಬರಲಿಲ್ಲ. ಸಿಟ್ಟಿನಿಂದ ಎದ್ದು ಹಿತ್ತಲಿಗೆ ಬಂದ. ಬಾವಿಯ ಕಟ್ಟೆಯ ಮೇಲೆ ತಾಮ್ರದ ಕೊಡ ಇತ್ತು. ಖಾಲಿ ಕೊಡ. ಹಗ್ಗ ಸುತ್ತಿದ ಹಾಗೇ ಇತ್ತು, ಒಂದು ಹನಿ ನೀರು ಸೋಕಿರಲಿಲ್ಲ.

ಮೊದಲು ಅವನಿಗೆ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಬಾವಿಗೆ ಬಗ್ಗಿ ಹೆಂಡತಿಯನ್ನು ಕೂಗಿದ. ಅವನ ದನಿಯೇ ತಿರುಗಿ ಬಂತು.

ಮನೆಯ ಮಂದಿ ಓಡಿಬಂದರು, ಓಣಿಯ ಮಂದಿ ಓಡಿಬಂದರು. ಯಾರೋ ಪಾತಾಳಗರಡಿ ತಂದರು. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆ ಅದು. ಅದನ್ನು ಇವತ್ತು ಏನನ್ನು ಎತ್ತಲು ಇಳಿಸುತ್ತಿದ್ದಾರೆ? ಸಾಹುಕಾರ ಪೂಜೆಯ ಒದ್ದೆ ಪಂಚೆಯಲ್ಲೇ ಬಾವಿಯ ಕಟ್ಟೆ ಹಿಡಿದು ನಿಂತಿದ್ದ. ಕೊಕ್ಕೆಗೆ ಏನೋ ಸಿಕ್ಕಿತು ಅಂದಾಗ ಕಣ್ಣು ಮುಚ್ಚಿದ. ತುಕ್ಕು ಹಿಡಿದ ಬಕೀಟು. ಮತ್ತೆ ಇಳಿಸಿದರು. ಮತ್ತೆ ಸಿಕ್ಕಿತು. ಹರಿದ ಗೋಣಿಚೀಲ.

ಅಷ್ಟರಲ್ಲಿ ದಿನಾ ಹೂವು ಕೊಡುವ ಹೆಂಗಸು ಬುಟ್ಟಿ ಹೊತ್ತು ಬಂದಳು. ಗದ್ದಲ ನೋಡಿ, ವಿಷಯ ಕೇಳಿ, ಬುಟ್ಟಿ ಇಳಿಸಿದಳು.

“ಅಯ್ಯ ಶಿವನ! ಅಕ್ಕಾರು ಬಾವ್ಯಾಗ ಯಾಕ ಇರ್ತಾರ್ರೀ? ಮುಂಜಾನೆ ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕಿದ್ರಲ್ಲ ನನಗ. ಎಲ್ಲಿಗೆ ಹೊಂಟೀರಿ ಅಂದೆ. ಧಾರವಾಡಕ್ಕ ಅಂದ್ರು. ನಾ ನಕ್ಕೆ. ನಿಮ್ಮ ಮನಿಯವರ ಚಾಷ್ಟಿ ನಿಮಗೂ ಹತ್ತೇತಿ ಬಿಡ್ರಿ ಅಂದೆ. ಅವ್ರೂ ನಕ್ಕೋಂತ ಬಸ್ ಹತ್ತಿದ್ರು.”

ಕೇಳಿದಿರಾ? ಆ ಹೆಣ್ಣುಮಗಳು ಏನನ್ನೂ ಮುಚ್ಚಿಡಲಿಲ್ಲ. ಗಂಡನಿಗೆ ಹೇಳಿದಳು, ನಕ್ಕ. ಹೂವಾಡಗಿತ್ತಿಗೆ ಹೇಳಿದಳು, ನಕ್ಕಳು. ನಿಜವನ್ನೇ ಹೇಳಿದರೂ ನಂಬುವವರು ಊರಲ್ಲಿ ಒಬ್ಬರೂ ಇರಲಿಲ್ಲ.

ಸಾಹುಕಾರ ಕಾರು ಹತ್ತಿದ. ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಆ ಎಲೆ, ಆ ಉಂಡಿ, ತನ್ನ ಮುಖವನ್ನು ನೋಡುತ್ತ ನಿಂತ ಹೆಂಡತಿ. ‘ಬರೂದೂ ತಗಸಲೋ’ ಅಂದಿದ್ದನಲ್ಲ! ಆ ಮಾತು ನೆನಪಾದಾಗಲೆಲ್ಲ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಡ್ರೈವರು ಗಾಬರಿಯಾಗಿ ಕನ್ನಡಿಯಲ್ಲಿ ನೋಡುತ್ತಿದ್ದ.

ದವಾಖಾನೆಯಲ್ಲಿ ಅವನು ಏನನ್ನು ಕಂಡ? ಸರಪಳಿಯನ್ನೇ? ಚೀರಾಟವನ್ನೇ? ನಾವೆಲ್ಲ ಅದನ್ನೇ ಅಂದುಕೊಂಡಿದ್ದೇವೆ. ಅವನು ಕಂಡದ್ದು ಬೆಂಚುಗಳ ಮೇಲೆ ಸರದಿಗೆ ಕುಳಿತ ಮಂದಿ, ನಮ್ಮ ನಿಮ್ಮಂಥವರು. ಅವರ ನಡುವೆ ಅವನ ಹೆಂಡತಿ, ಸೆರಗು ಹೊದ್ದು, ಕೈ ಮಡಿಲಲ್ಲಿಟ್ಟು ಸುಮ್ಮನೆ ಕುಳಿತಿದ್ದಳು. ಅದೇ ಬೆಂಚಿನ ಕೊನೆಯಲ್ಲಿದ್ದ ಒಬ್ಬ ಗಂಡಸು ಸಾಹುಕಾರನನ್ನು ಕಂಡದ್ದೇ ತಡ, ಟವೆಲು ಮುಖಕ್ಕೆಳೆದುಕೊಂಡು ಗೋಡೆಯ ಕಡೆ ತಿರುಗಿದ. ಅದರ ಕಡೆ ಇವನ ಲಕ್ಷ್ಯ ಹೋಗಲಿಲ್ಲ. ಹೆಂಡತಿಯ ಹೆಸರು ಕೂಗಿದರು, ಇಬ್ಬರೂ ಒಳಗೆ ಹೋದರು.

ಡಾಕ್ಟರು ಒಬ್ಬ ಹೆಣ್ಣುಮಗಳು. ಸಾಹುಕಾರನನ್ನು ಕೇಳಿದರು, “ಇವ್ರು ಯಾವಾಗಿನಿಂದ ಹಿಂಗ ಅದಾರ್ರೀ?” ಗೊತ್ತಿಲ್ಲ. “ನಿದ್ದಿ ಬರತೈತೇನು ಇವ್ರಿಗೆ?” ಗೊತ್ತಿಲ್ಲ. “ಉಣ್ತಾರೇನು?” ಗೊತ್ತಿಲ್ಲ. ಮೆಣಸಿನಕಾಯಿಯ ಧಾರಣೆ ಕೇಳಿದ್ದರೆ ಯಾವ ಪೇಟೆಯಲ್ಲಿ ಎಷ್ಟು ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದ. ಪಕ್ಕದಲ್ಲಿ ಮಲಗುವ ಹೆಂಡತಿಗೆ ನಿದ್ದೆ ಬರುತ್ತದೋ ಇಲ್ಲವೋ ಗೊತ್ತಿಲ್ಲ!

ಆಗ ಆಕೆಯೇ ಹೇಳಿದಳು. “ಬಾವಿ ತನಕ ಹೋಗಿದ್ನ್ರೀ. ಹಣಿಕಿ ಹಾಕಿ ನೋಡಿದೆ. ಅಷ್ಟರಾಗ ನೆನಪಾತು. ಧಾರವಾಡ, ಧಾರವಾಡ ಅಂತ ಇವ್ರು ದಿನಾ ಅಂತಾರಲ್ಲ, ಅಲ್ಲಿ ಏನರ ಔಷಧ ಐತೇನೋ, ಒಮ್ಮೆ ಕೇಳಿ ಬರೂಣು ಅಂತ ಕೊಡ ಅಲ್ಲೇ ಇಟ್ಟು ಬಂದೆ.”

ಓಣಿಯ ಮಂದಿ ಬಾವಿಯಲ್ಲಿ ಹುಡುಕಿದ್ದು ತಪ್ಪಾಗಿರಲಿಲ್ಲ.

ಡಾಕ್ಟರು ಸಮಾಧಾನವಾಗಿ ಹೇಳಿದರು. “ಇದು ಖಿನ್ನತೆ ಅನ್ನೂ ಜಡ್ಡು. ಹುಚ್ಚಲ್ಲ, ಸೊಕ್ಕಲ್ಲ, ಮಾಟ ಅಲ್ಲ. ಇದಕ್ಕ ಗುಳಿಗಿ ಅದಾವು, ಕುಂತು ಮಾತಾಡೂದೈತಿ. ನೀವೂ ಜೋಡಿ ಬರಬೇಕ್ರೀ ಯಜಮಾನ್ರ. ಮನ್ಯಾಗ ಒಬ್ಬರಿಗೆ ಜಡ್ಡಾದ್ರ ಮನಿಮಂದೀನೂ ಕಲಿಯೂದು ಇರತೈತಿ. ಮತ್ತ ಇಷ್ಟು ದೂರ ಯಾಕ ಬಂದ್ರಿ? ನಿಮ್ಮ ತಾಲ್ಲೂಕು ದವಾಖಾನ್ಯಾಗೂ ಮನಸ್ಸಿನ ಡಾಕ್ಟರು ಬರ್ತಾರಲ್ಲ.”

ತಾಲ್ಲೂಕು ದವಾಖಾನೆ! ಅವನ ಅಂಗಡಿಯ ಎದುರಿನದು! ಹುಟ್ಟಿದಾಗಿನಿಂದ ನೋಡಿದ ಗೇಟು. ಅದರೊಳಗೆ ಇಂಥ ಡಾಕ್ಟರು ಬರುತ್ತಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ? ಹೊರಗೆ ಬಂದ ಮೇಲೆ ಅದೂ ಗೊತ್ತಾಯಿತು.

ಬೆಂಚಿನ ಕೊನೆಯ ಆ ಗಂಡಸು ಇನ್ನೂ ಗೋಡೆಯ ಕಡೆಗೇ ತಿರುಗಿ ಕುಳಿತಿದ್ದ. ಗುರುತಿನ ಬೆನ್ನು ಅನ್ನಿಸಿ ಸಾಹುಕಾರ ಹತ್ತಿರ ಹೋದ. ಟವೆಲು ಸರಿಯಿತು. ನೋಡುತ್ತಾನೆ, ತನ್ನದೇ ಕಟ್ಟೆಯ ಗೆಳೆಯ! ಬಟ್ಟೆ ಅಂಗಡಿಯವನು. ಮಾಲು ತರಲು ಹುಬ್ಬಳ್ಳಿಗೆ ಹೋಗುತ್ತೇನೆ ಅಂತ ಆಗಾಗ ಊರು ಬಿಡುತ್ತಿದ್ದವನು. ಟಿಕೀಟಿನ ಮಾತಿಗೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು. ಅವನು ಎದ್ದುನಿಂತು ಎರಡೂ ಕೈ ಮುಗಿದ.

“ನಗಬ್ಯಾಡಪ್ಪಾ ಸಾಹುಕಾರ. ಮಗಳ ಮದವಿ ಐತಿ.”

ಸಾಹುಕಾರ ಆ ಮುಗಿದ ಕೈಗಳನ್ನು ಹಿಡಿದುಕೊಂಡ. “ಮಾರಾಯಾ, ನೀನೂ… ಮತ್ತ ಅಷ್ಟು ನಗತಿದ್ದೆಲ್ಲೋ?”

“ನಗಲಿಲ್ಲಂದ್ರ ನನಗೂ ಐತಿ ಅಂತ ಗೊತ್ತಾಗತೈತೆಲ್ಲ.”

“ಊರಾಗೇ ತೋರಸಬೇಕಿಲ್ಲೋ? ನಮ್ಮ ದವಾಖಾನಿಗೇ ಡಾಕ್ಟರು ಬರ್ತಾರಂತ.”

ಗೆಳೆಯ ತಲೆ ತಗ್ಗಿಸಿ ಹೇಳಿದ, “ಬರ್ತಾರ, ಗೊತ್ತೈತಿ. ಆದರ ದವಾಖಾನಿ ಮುಂದ ನಿನ್ನ ಕಟ್ಟಿ ಐತೆಲ್ಲ.”

ಇನ್ನೊಮ್ಮೆ ಕೇಳಿಸಿಕೊಳ್ಳಿ. ದವಾಖಾನೆ ಇತ್ತು. ಡಾಕ್ಟರು ಇದ್ದರು. ಔಷಧ ಇತ್ತು. ಬಾಗಿಲು ತೆರೆದಿತ್ತು. ಬಾಗಿಲ ಮುಂದೆ ಒಬ್ಬ ಒಳ್ಳೆಯ ಮನುಷ್ಯ ನಗಿಸುತ್ತ ಕುಳಿತಿದ್ದ. ಅಷ್ಟಕ್ಕೇ ಒಂದು ಊರು ಆ ಬಾಗಿಲು ದಾಟದೆ ಉಳಿಯಿತು. ಅವನ ಹೆಂಡತಿಯೂ ದಾಟದೆ ಉಳಿದಳು. ಬಾವಿಯ ಹತ್ತಿರ ಧಾರವಾಡ ನೆನಪಾಗುವುದು ಇನ್ನೊಂದು ಗಳಿಗೆ ತಡವಾಗಿದ್ದರೆ ಆಕೆ ಬದುಕಿ ಉಳಿಯುತ್ತಲೇ ಇರಲಿಲ್ಲ.

ಆಕೆಗೆ ಆರಾಮಾಯಿತೇ ಅಂತ ಕೇಳುತ್ತೀರಿ. ಆಯಿತು, ಆದರೆ ಮಂತ್ರ ಹಾಕಿದ ಹಾಗೆ ಆಗಲಿಲ್ಲ. ನಡುವೆ ಒಮ್ಮೆ ಗುಳಿಗೆ ಬಿಟ್ಟಳು, ಮತ್ತೆ ನೆಲ ಹಿಡಿದಳು, ಮತ್ತೆ ಶುರುಮಾಡಿದಳು. ಸಾಹುಕಾರ ಹಾಡಹಗಲು, ತನ್ನ ಕಟ್ಟೆಯ ಮುಂದಿನಿಂದಲೇ, ಹೆಂಡತಿಯ ಜೊತೆ ಆ ಗೇಟು ದಾಟಿದ. “ಎಲ್ಲಿಗ್ರೀ?” ಅಂದವರಿಗೆ, “ಮನಸ್ಸಿನ ಡಾಕ್ಟರ ಕಡೆ” ಅಂದ. ಕಟ್ಟೆಯ ಮೇಲಿದ್ದ ಒಂದಿಬ್ಬರು ರೂಢಿಯ ಪ್ರಕಾರ ನಕ್ಕರು. ಅವನು ನಗಲಿಲ್ಲ. ಅವರ ನಗು ಬಾಯಲ್ಲೇ ನಿಂತಿತು.

ಈಗ ನಿಮ್ಮ ಮಾತಿಗೆ ಬರೋಣ. ಸಾಹುಕಾರನ ಕಟ್ಟೆ ಅವನ ಊರಲ್ಲಿದೆ. ನಿಮ್ಮ ಕಟ್ಟೆ ಎಲ್ಲಿದೆ? ಸೊಸೆ ಮೂಲೆಯಲ್ಲಿ ಕುಳಿತರೆ ‘ನಾಟಕ’ ಅನ್ನುತ್ತೀರಲ್ಲ, ಅದೇ ನಿಮ್ಮ ಕಟ್ಟೆ. ಮಗ ಓದಲಾರೆ, ಎದೆ ಹೊಡೆದುಕೊಳ್ಳುತ್ತದೆ ಅಂದರೆ ‘ಗಂಡಸಾಗೋ’ ಅನ್ನುತ್ತೀರಲ್ಲ, ಅದೇ. ಹರಕೆ ಹೊರಬೇಡಿ ಅಂತ ನಾನು ಹೇಳುವುದಿಲ್ಲ. ಜ್ವರ ಬಂದಾಗ ಹರಕೆಯನ್ನೂ ಹೊರುತ್ತೀರಿ, ಸೂಜಿಯನ್ನೂ ಮಾಡಿಸುತ್ತೀರಿ. ಮನಸ್ಸಿಗೆ ಜಡ್ಡು ಬಂದಾಗ ಸೂಜಿ ಯಾಕೆ ಮರೆಯುತ್ತೀರಿ? ನಿಮ್ಮ ಮನೆಯಲ್ಲಿ ಯಾರಾದರೂ ‘ನನಗೆ ಆಗುತ್ತಿಲ್ಲ’ ಅಂದರೆ, ಚೇಷ್ಟೆಯಾಗಿ ಅಂದರೂ ಸರಿ, ಕೈಯಲ್ಲಿನ ಕೆಲಸ ಬಿಟ್ಟು ‘ಯಾವಾಗಿನಿಂದ?’ ಅಂತ ಕೇಳಿ. ಕೇಳಿ ಸುಮ್ಮನೆ ಕುಳಿತುಕೊಳ್ಳಿ. ಬುದ್ಧಿ ಹೇಳಬೇಡಿ, ಅದಕ್ಕೆ ನಾನಿದ್ದೇನೆ. ತಾಲ್ಲೂಕು ಆಸ್ಪತ್ರೆಗೆ ಹೋಗಿ ಮನಸ್ಸಿನ ಡಾಕ್ಟರು ಯಾವ ದಿನ ಬರುತ್ತಾರೆ ಅಂತ ಕೇಳಿ, ಮೆಲ್ಲಗಲ್ಲ, ಗಟ್ಟಿಯಾಗಿ ಕೇಳಿ. ಒಬ್ಬರನ್ನೇ ಕಳಿಸಬೇಡಿ, ಬೆಂಚಿನ ಮೇಲೆ ನೀವೂ ಜೊತೆಗೆ ಕುಳಿತುಕೊಳ್ಳಿ.

ಅಲ್ಲಿಯ ತನಕವೂ ತಡೆಯಲು ಆಗದವರಿಗೆ ಸರಕಾರದ ಒಂದು ಫೋನ್ ನಂಬರು ಇದೆ. ಒಂದು, ನಾಲ್ಕು, ನಾಲ್ಕು, ಒಂದು, ಆರು. ಹಗಲು ಇರುಳು ಯಾವಾಗ ಮಾಡಿದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ರೋಗಿಯೇ ಮಾಡಬೇಕೆಂದಿಲ್ಲ, ಏನು ಮಾಡುವುದೋ ತಿಳಿಯದ ತಾಯಿಯೂ ಮಾಡಬಹುದು, ಗಂಡನೂ ಮಾಡಬಹುದು.

ಏನು, ಎಲ್ಲರೂ ಹಾಗೇ ಕುಳಿತಿರಿ? ಫೋನು ತೆಗೆಯಿರಿ. ಹೌದು, ಪ್ರವಚನದ ನಡುವೆಯೇ, ನಾನೇ ಹೇಳುತ್ತಿದ್ದೇನೆ. ಆ ನಂಬರು ಒತ್ತಿ ಇಟ್ಟುಕೊಳ್ಳಿ. ‘ನಮ್ಮ ಮನೆಗೆ ಬೇಡ’ ಅನ್ನುವವರು ಎಲ್ಲರಿಗಿಂತ ಮೊದಲು ತೆಗೆಯಿರಿ. ಈ ಸಭೆಯಲ್ಲಿ ಯಾರೋ ಒಬ್ಬರಿಗೆ ಅದು ಇವತ್ತೇ ಬೇಕಾಗಿದೆ. ಪಕ್ಕದವರು ನೋಡುತ್ತಾರೆ ಅಂತ ಅವರು ಕೈ ಕಟ್ಟಿ ಕುಳಿತಿದ್ದಾರೆ. ಅವರೊಬ್ಬರೇ ಫೋನು ತೆಗೆಯುವ ಹಾಗೆ ಮಾಡಬೇಡಿ.