ತಾಯಿಗುಣಕ್ಕೆ ಐದು ನಕ್ಷತ್ರ

ರಾಸ್‌ಕಾಮನ್‌ ದನದ ಸಂತೆಯ ಕ್ಯಾಂಟೀನಿನಲ್ಲಿ ಬ್ರೀಜ್ ಚಹಾ ಬಗ್ಗಿಸುತ್ತಿದ್ದಳು. ಸಾಲಿನಲ್ಲಿ ನಿಂತಿದ್ದ ಮ್ಯಾಲಕಿ, ಪಕ್ಕದಲ್ಲಿದ್ದ ಹೆಂಡತಿಯ ತಮ್ಮ ಫಿಂಟನ್‌ನ ಪಟ್ಟಿ ಕಟ್ಟಿದ ಕೈ ನೋಡಿ ನಕ್ಕ.

"ಏನಯ್ಯಾ, ಹಸು ಕೈಲಿ ಗುದ್ದಿಸ್ಕೊಂಡ್ಯಂತೆ?"

"ನಗಿ ಭಾವ, ನಗಿ. ಕರು ಕಿವಿಗೆ ನಂಬರಿನ ಓಲೆ ಹಾಕೋಕೆ ಬಗ್ಗಿದ್ದೆ ಅಷ್ಟೇ. ಗೇಟು ಹಾರದಿದ್ರೆ ಇವತ್ತು ನೀವೆಲ್ಲ ನನ್ನ ಹೆಣ ಕಾಯ್ತಿದ್ರಿ."

"ಯಾವ ಹಸು?"

"ನಾವಿಬ್ರೂ ಸೇರಿ ವೀರ್ಯ ತರಿಸಿದ್ವಲ್ಲ, ಆ ಹೋರಿ ಮಗಳು."

"ಥೂ, ಕ್ಯಾಟಲಾಗಿನಲ್ಲಿ ತಾಯಿಗುಣಕ್ಕೆ ಐದು ನಕ್ಷತ್ರ ಕಣೋ ಆ ಹೋರಿಗೆ! ಮಗಳಂದಿರ ಹಾಲು, ಹೆರಿಗೆ, ಕರು ಸಾಕೋದು, ಎಲ್ಲಾದ್ರಲ್ಲೂ ಮುಂದು."

"ಸಾಧುತನಕ್ಕೆ ಒಂದೇ ನಕ್ಷತ್ರ. ನೋಡಿದ್ರಾ?"

"ಮಾಂಸದ ದನ ಕಣಯ್ಯಾ, ಸಾಧು ಆಗಿ ಏನಾಗ್ಬೇಕು? ನಮ್ಮಲ್ಲೂ ಅದರ ಮಗಳೊಂದು ಬೆಳಿಗ್ಗೆ ಈಯ್ತು. ಚೊಚ್ಚಲು. ಕರು ಮುಟ್ಟೋಕೇ ಬಿಡಲ್ಲ, ಅಷ್ಟು ಒಳ್ಳೇ ತಾಯಿ."

ಫಿಂಟನ್ ಕೈಗೆತ್ತಿಕೊಂಡ ಲೋಟ ಕೆಳಗಿಟ್ಟ.

"ಓಲೆ ಹಾಕಿದ್ರಾ?"

"ನಿಮ್ಮಕ್ಕ ಹಾಕ್ತೀನಿ ಅಂದ್ಲು."

"ಒಬ್ಳೇನಾ?"

"ಒಬ್ಳೇ ಯಾಕೆ, ಜೊತೆಗೆ ನಾಯಿ ಇದೆಯಲ್ಲ."

"ನಾಯಿ ಕಂಡ್ರೆ ಇನ್ನೂ ಕೆರಳುತ್ತೆ ಭಾವ! ಫೋನ್ ಮಾಡಿ."

ಮ್ಯಾಲಕಿ ಮಾಡಿದ. ಮತ್ತೆ ಮಾಡಿದ.

"ಎತ್ತುತ್ತಿಲ್ಲ. ಕೈ ಕೊಳೆಯಾಗಿರಬೇಕು."

"ನಡೀರಿ," ಎಂದ ಫಿಂಟನ್.

ಇಬ್ಬರೂ ಜನರನ್ನು ತಳ್ಳಿಕೊಂಡು ಬಾಗಿಲತ್ತ ಓಡಿದರು. ಹರಾಜಿನ ಧ್ವನಿವರ್ಧಕ ಅದೇ ಹೋರಿಯ ಮಗಳಾದ ಹೊಸ ಕಡಸೊಂದನ್ನು ಕೂಗುತ್ತಿತ್ತು: "ತಾಯಿಗುಣಕ್ಕೆ ಐದು ನಕ್ಷತ್ರ!"

ಬ್ರೀಜ್ ಕಿಟಕಿಯಿಂದ ನೋಡಿದಳು. ಹರಾಜಿನ ಕಟ್ಟೆಯ ಸುತ್ತ ಕೊಳ್ಳುವವರ ಕೈಗಳು ಒಂದರ ಹಿಂದೊಂದು ಏಳುತ್ತಿದ್ದವು.