ಕಳಕಮ್ಮ ಕೊಟ್ಟ ನುಚ್ಚಿನ ಬಗ್ಗೆ ಫಕೀರಮ್ಮನ ಎರಡನೇ ಹೇಳಿಕೆ

ನಾನು ಫಕೀರಮ್ಮ, ಗಂಡ ಮುದಿಯಪ್ಪ, ವಯಸ್ಸು 52 ವರ್ಷ, ಉದ್ಯೋಗ ಕೋಳಿ ಸಾಕಣೆ ಮತ್ತು ತತ್ತಿ ಮಾರಾಟ, ಸಾಕೀನ್ ಬೇವೂರು, ತಾಲ್ಲೂಕು ಯಲಬುರ್ಗಾ, ಜಿಲ್ಲೆ ಕೊಪ್ಪಳ. ಠಾಣೆಗೆ ಎರಡನೇ ಸಲ ಹಾಜರಾಗಿ ತಿಳಿಸುವುದೇನೆಂದರೆ, ಮಂಗಳವಾರ ನಾನು ಕೊಟ್ಟ ದೂರು ತಪ್ಪು. ಸರಿ ಯಾವುದು ಎಂಬುದು ಇವತ್ತಿಗೂ ನನ್ನ ತಲೆಗೆ ಪೂರ್ತಿ ಹತ್ತಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಕೋಳಿಯೊಂದನ್ನು ನಾಯಿ ಹಿಡಿದಿದ್ದರಿಂದ ಅದರ ಹದಿನಾಲ್ಕು ಮರಿಗಳು ತಾಯಿ ಇಲ್ಲದವಾಗಿದ್ದವು. ಚಳಿಗಾಲದಲ್ಲಿ ನಮ್ಮ ಓಣಿಯವರು ಮಾಡುವ ಹಾಗೆ ದೊಡ್ಡ ಬುಟ್ಟಿಯಲ್ಲಿ ಗೋಣಿಚೀಲ ಹಾಸಿ, ಮೇಲಿನಿಂದ ಬಲ್ಬ್ ಇಳಿಬಿಟ್ಟು, ಮರಿಗಳನ್ನು ಅದರ ಕೆಳಗೆ ಬಿಟ್ಟಿದ್ದೆ. ಪಕ್ಕದ ಮನೆಯ ಕಳಕಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅವಳು ಭಾನುವಾರ ಮರಿಗಳಿಗೆಂದು ತನ್ನ ಮನೆಯಿಂದ ಒಂದು ಡಬ್ಬಿ ಅಕ್ಕಿ ನುಚ್ಚು ಕೊಟ್ಟಿದ್ದಳು.

ದಿನಾಂಕ 09-12-2024 ಸೋಮವಾರ ಮಧ್ಯಾಹ್ನ ಕರೆಂಟ್ ಕಂಪನಿಯ ಕಡೆಯಿಂದ ಹಾಲೇಶ ಎಂಬುವವರು ಮನೆಗೆ ಬಂದರು. ಕಡಿಮೆ ಕರೆಂಟ್ ಸಾಕಾಗುವ ಹೊಸ ಎಲ್‌ಇಡಿ ಬಲ್ಬ್ ಪುಕ್ಕಟೆ ಕೊಡುವುದಾಗಿಯೂ, ಹಳೆಯ ಬಲ್ಬ್ ಎಲ್ಲವನ್ನೂ ತಿರುಗಿ ಕೊಡಬೇಕೆಂದೂ ಹೇಳಿದರು. ಕರೆಂಟ್ ಮಾರುವ ಕಂಪನಿಯೇ ಕರೆಂಟ್ ಕಡಿಮೆ ಬಳಸಿರೆಂದು ಯಾಕೆ ಹೇಳುತ್ತದೆ ಎಂದು ಕೇಳಿದೆ. ಸರ್ಕಾರ ಕಾನೂನು ಮಾಡಿದೆ, ಜನರಿಂದ ಉಳಿತಾಯ ಮಾಡಿಸುವ ಹೊಣೆಯನ್ನು ಕಂಪನಿಯ ಮೇಲೆಯೇ ಹಾಕಿದೆ ಎಂದು ತಿಳಿಸಿದರು. ತತ್ತಿ ಮಾರುವ ನಾನು ಗಿರಾಕಿಗೆ ತತ್ತಿ ಕಡಿಮೆ ತಿನ್ನಿರೆಂದು ಹೇಳಿದರೆ ನನ್ನ ಗಂಡನೇ ನನಗೆ ಹುಚ್ಚು ಹಿಡಿದಿದೆ ಎನ್ನುತ್ತಾನೆ. ಕಾನೂನು ನನಗೆ ತಿಳಿಯಲಿಲ್ಲ, ಪುಕ್ಕಟೆ ಎಂಬುದು ತಿಳಿಯಿತು. ಪಡಸಾಲೆಯದು, ಅಡುಗೆಮನೆಯದು, ಬುಟ್ಟಿಯ ಮೇಲಿನದು, ಎಲ್ಲ ಕೊಟ್ಟೆ. ಬುಟ್ಟಿಯ ಬಲ್ಬ್ ನೋಡಿ ಹಾಲೇಶ "ಇದು ಭಾಳ ಕರೆಂಟ್ ತಿಂತೈತ್ರಿ ಯವ್ವಾ, ಇದನ್ನ ಮೊದಲ ತೆಗೀರಿ" ಎಂದರು. ಹೊಸದು ಹಳೆಯದಕ್ಕಿಂತ ಝಗ್ಗನೆ ಹೊತ್ತಿತು. ನನಗೆ ಸಂತೋಷವೇ ಆಯಿತು.

ಅದೇ ಸಂಜೆ ನನ್ನ ದೊಡ್ಡ ಕೋಳಿಗಳು ಕಳಕಮ್ಮ ಒಣಗಲು ಹಾಕಿದ್ದ ಶೇಂಗಾ ಕೆದರಿದವು. ಅವಳು "ನಿನ್ನ ಕೋಳಿ ವಂಶ ಹಾಳಾಗ್ಲಿ" ಎಂದು ಬೈದಳು. ನಾನೂ ಬೈದೆ. ಆಮೇಲೆ ಅವಳು ಕೊಟ್ಟ ನುಚ್ಚನ್ನು ಮೊದಲ ಸಲ ಮರಿಗಳಿಗೆ ಹಾಕಿ ಮಲಗಿದೆ. ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ನೋಡಿದಾಗ ಬಲ್ಬ್ ಉರಿಯುತ್ತಲೇ ಇತ್ತು. ಮರಿಗಳೆಲ್ಲ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಸತ್ತಿದ್ದವು. ಹಿಂದುಮುಂದು ನೋಡದೆ ಓಣಿಯಲ್ಲಿ ನಿಂತು "ಕಳಕವ್ವ ನುಚ್ಚಿನ್ಯಾಗ ವಿಷಾ ಹಾಕ್ಯಾಳ" ಎಂದು ಕೂಗಿದೆ. ಠಾಣೆಗೆ ಬಂದು ಅದನ್ನೇ ಬರೆಸಿದೆ.

ಬುಧವಾರ ಶಾಲೆಯಲ್ಲಿ ಬಹಳ ಮಕ್ಕಳು ಕಳಕಮ್ಮನ ಅನ್ನ ಮುಟ್ಟಲಿಲ್ಲ. ತಾಯಂದಿರು ಮನೆಯಿಂದಲೇ ಬುತ್ತಿ ಕಟ್ಟಿ ಕಳಿಸಿದ್ದರು. ಊರಿನ ಮಾತು ಅಡಗದಿದ್ದರೆ ಶನಿವಾರದಿಂದ ಅಡುಗೆಗೆ ಬರುವುದು ಬೇಡವೆಂದು ಶಾಲೆಯವರು ಅವಳಿಗೆ ಹೇಳಿದ್ದಾರೆಂದು ತಿಳಿಯಿತು. ಗಂಡ ತೀರಿಕೊಂಡ ಮೇಲೆ ಆ ಕೆಲಸವೇ ಅವಳ ಹೊಟ್ಟೆಪಾಡು.

ಇಂದು ಗುರುವಾರ ಬೆಳಿಗ್ಗೆ ಮಹಿಳಾ ಪೇದೆ ತಾಹೇರ ಮೇಡಂ ವಿಚಾರಣೆಗೆ ಮನೆಗೆ ಬಂದು ಕಳಕಮ್ಮನನ್ನೂ ಕರೆಸಿದರು. ಉಳಿದ ನುಚ್ಚಿನ ಡಬ್ಬಿ ತರಿಸಿದರು. ಕಳಕಮ್ಮ ಅದರಿಂದ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡು, ಹಸಿಯಾಗಿಯೇ ಅಗಿದು ನುಂಗಿದಳು. ನಂತರ ಮೇಡಂ ಬುಟ್ಟಿಯ ಬಲ್ಬ್ ಹಾಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೆಳಗೆ ಕೈ ಹಿಡಿಯಲು ನನಗೆ ಹೇಳಿದರು. "ಬೆಳಕೇನೋ ಐತಿ, ಕಾವು ಎಲ್ಲೈತಿ ಯಮ್ಮಾ?" ಎಂದು ಕೇಳಿದರು. ಹಳೆಯ ಬಲ್ಬಿನ ಕೆಳಗೆ ಕೈ ಚುರುಗುಟ್ಟುತ್ತಿತ್ತು. ಇದರ ಕೆಳಗೆ ಏನೂ ಇರಲಿಲ್ಲ. ಮರಿಗಳು ಚಳಿಗೆ ಸತ್ತಿವೆ ಎಂದು ಆಗ ಗೊತ್ತಾಯಿತು.

ಈಗ ದೂರು ಯಾರ ಮೇಲೆ ಎಂದು ಠಾಣೆಯಲ್ಲಿ ಕೇಳಿದ್ದಾರೆ. ಹಾಲೇಶ ಕಾನೂನಿನಂತೆ ಬಂದರು, ಒಳ್ಳೆಯ ಬಲ್ಬನ್ನೇ ಕೊಟ್ಟರು. ಕರೆಂಟ್ ಉಳಿಯಲಿ ಎಂದಿತು ಕಾನೂನು, ಕರೆಂಟ್ ಉಳಿಯಿತು. ಮರಿಗಳಿಗೆ ನಾನೂ ಕೆಟ್ಟದ್ದು ಬಯಸಲಿಲ್ಲ. ಹಾಗಾದರೆ ಯಾರ ಹೆಸರು ಹೇಳಲಿ, ನನಗಂತೂ ಬಗೆಹರಿಯದು. ವಿಷ ಎಂದು ಕೂಗಿದ ಬಾಯಿ ಮಾತ್ರ ನನ್ನದೇ. ಅದಕ್ಕೆ ನನಗೆ ನಾಚಿಕೆಯಾಗಿದೆ. ಕಳಕಮ್ಮನ ಹೆಸರನ್ನು ದೂರಿನಿಂದ ತೆಗೆಯಬೇಕು.

ನಾಳೆ ಶುಕ್ರವಾರ ಮಧ್ಯಾಹ್ನ ನಾನು ಶಾಲೆಗೆ ಹೋಗಿ, ತಾಯಂದಿರನ್ನು ಕರೆದು, ಅವರೆದುರು ಮಕ್ಕಳ ಪಂಕ್ತಿಯಲ್ಲಿ ಕುಳಿತು ಕಳಕಮ್ಮನ ಅಡುಗೆ ಉಣ್ಣುತ್ತೇನೆ. ಇದನ್ನು ಇಲ್ಲಿಯೇ ಠಾಣೆಯ ಬೆಂಚಿನ ಮೇಲೆ ಕುಳಿತಿದ್ದ ಕಳಕಮ್ಮನಿಗೆ ಹೇಳಿದೆ. ಅವಳು "ಸಾಲಿಗೆ ಬಾ, ನೀಡತೀನಿ. ಉಣ್ಣಾಕ ಕುಂತಾರಿಗೆ ಇಲ್ಲ ಅನ್ನಾಕಿ ಅಲ್ಲ ನಾ. ನಮ್ಮ ಮನಿ ಹೊಸ್ತಿಲಾ ಮಾತ್ರ ಇನ್ನ ತುಳೀಬ್ಯಾಡ" ಎಂದಳು. ಈ ಮಾತನ್ನೂ ಬರೆದುಕೊಳ್ಳಿರೆಂದು ನಾನೇ ಹೇಳಿದ್ದೇನೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಿಜವಿದೆ. ತಿಳಿಯದ್ದನ್ನು ತಿಳಿಯಲಿಲ್ಲ ಎಂದೇ ಬರೆಸಿದ್ದೇನೆ.

ಸ್ಥಳ: ಬೇವೂರು
ದಿನಾಂಕ: 12-12-2024

(ಫಕೀರಮ್ಮ, ಎಡಗೈ ಹೆಬ್ಬೆರಳ ಗುರುತು)